ಗಂಜಿ ವಿಷವಲ್ಲ, ಆದರೂ ಮೀನು ಸಾಯುತ್ತದೆ

ಚನ್ನಗಿರಿ ಕಡೆಯ ತಾಳೆ ಬೆಳೆಗಾರರೊಬ್ಬರ ಪತ್ರ: "ತಾಳೆ ಎಣ್ಣೆ ಮಿಲ್ಲಿನ ಕೊಳೆನೀರು ಊರ ಚರಂಡಿ ನೀರಿಗಿಂತ ನೂರು ಪಟ್ಟು ಕೆಟ್ಟದ್ದು ಅಂತ ಬರೆದಿದ್ದೀರಿ. ಮಿಲ್ಲಿನಲ್ಲಿ ಕೆಮಿಕಲ್ ಹಾಕುವುದೇ ಇಲ್ಲ. ಹಣ್ಣು, ಹಬೆ, ನೀರು ಅಷ್ಟೇ. ಸುಮ್ನೆ ಯಾಕೆ ಹೆದರಿಸುತ್ತೀರಿ?"

ಮಾನ್ಯರೇ,

ಕೆಮಿಕಲ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದನ್ನು ನಾವು ಬರೆಯಬೇಕಿತ್ತು. ಆದರೆ ಮೀನಿರುವ ಸಣ್ಣ ಹೊಂಡಕ್ಕೆ ನಾಲ್ಕು ಕೊಡ ಗಂಜಿ ಸುರಿದರೆ ಏನಾಗುತ್ತದೆ? ಗಂಜಿ ವಿಷವಲ್ಲ. ಅದನ್ನು ತಿನ್ನಲು ಬ್ಯಾಕ್ಟೀರಿಯಾ ಮುಗಿಬೀಳುತ್ತವೆ, ನೀರಿನ ಆಮ್ಲಜನಕವನ್ನೆಲ್ಲ ಅವೇ ಮುಗಿಸುತ್ತವೆ. ಮೀನು ಉಸಿರುಕಟ್ಟಿ ಸಾಯುತ್ತದೆ. ಬಿಒಡಿ ಅಂದರೆ ಆಮ್ಲಜನಕಕ್ಕಾಗಿ ಇರುವ ಈ ಹಸಿವಿನ ಅಳತೆ. ಚರಂಡಿ ನೀರಿನಲ್ಲಿ ಅದು ಲೀಟರಿಗೆ ಸುಮಾರು 250 ಮಿಲಿಗ್ರಾಂ, ಮಿಲ್ಲಿನ ನೀರಿನಲ್ಲಿ 25,000.

ಗೊನೆ ಬೇಯಿಸಿದ ಹಬೆಯ ನೀರು, ಎಣ್ಣೆ ತಿಳಿಯಾದ ಮೇಲೆ ಉಳಿಯುವ ಬಗ್ಗಡ ಎಲ್ಲ ಸೇರಿ ಒಂದು ಟನ್ ಎಣ್ಣೆಗೆ ಎರಡೂವರೆ, ಮೂರು ಟನ್ ಕೊಳೆನೀರು. ಕುದಿಯುವುದಕ್ಕೆ ಸ್ವಲ್ಪ ಕಡಿಮೆ ಬಿಸಿ, ಹುಳಿ, ರಾಗಿ ಅಂಬಲಿಯ ಹಾಗೆ ಕಂದು.

ಮಲೇಷ್ಯಾ ಇದನ್ನು ನದಿಗಳು ಕೆಟ್ಟ ಮೇಲೆ ಕಲಿಯಿತು. ಹೊರಬಿಡುವ ನೀರಿನ ಬಿಒಡಿ ಮಿತಿಯನ್ನು ಒಂದೇ ಸಲ ಬಿಗಿಮಾಡಲಿಲ್ಲ: 1978ರಲ್ಲಿ ಲೀಟರಿಗೆ 5,000 ಮಿಲಿಗ್ರಾಂ, ಇಳಿಸುತ್ತಾ 1984ಕ್ಕೆ 100. ಮಿಲ್ಲುಗಳು ಸಾಲುಹೊಂಡ ತೋಡಿದವು. ಮೊದಲು ತಣಿಸುವುದು, ಆಮೇಲೆ ಗಾಳಿ ತಾಗದ ಆಳದ ಹೊಂಡದಲ್ಲಿ ವಾರಗಟ್ಟಲೆ ಕೊಳೆಸುವುದು, ಕೊನೆಗೆ ಗಾಳಿ ತಾಗುವ ಹೊಂಡ. ಖರ್ಚು ಕಡಿಮೆ, ಜಾಗ ಜಾಸ್ತಿ. ಎಡವಟ್ಟಾಗುವುದು ಹೂಳಿನಿಂದ. ಕಾಗದದಲ್ಲಿ ಐದು ಮೀಟರ್ ಆಳ. ತಳದಲ್ಲಿ ಎರಡೂವರೆ ಮೀಟರ್ ಹೂಳು ಕೂತರೆ ನೀರು ಅಲ್ಲಿ ನಿಲ್ಲುವುದು ಲೆಕ್ಕ ಹಾಕಿದ ದಿನಗಳಲ್ಲಿ ಅರ್ಧದಷ್ಟು ಮಾತ್ರ. ಹಣ್ಣಿನ ಸುಗ್ಗಿಯಲ್ಲಂತೂ ಅರೆಬರೆ ಕೊಳೆತ ನೀರೇ ಹೊರಗೆ ಹೋಗುತ್ತದೆ.

ಆ ಹೊಂಡ ಗುಳುಗುಳು ಅನ್ನುವುದು ನಮ್ಮ ಗೋಬರ್ ಗ್ಯಾಸೇ. ಒಂದು ಟನ್ ಕೊಳೆನೀರಿಗೆ ಸುಮಾರು 28 ಘನ ಮೀಟರ್. ಮುಚ್ಚಳವಿಲ್ಲದಿದ್ದರೆ ಅದರಲ್ಲಿರುವ, ಭೂಮಿಯನ್ನು ಬಿಸಿಮಾಡುವ ಮೀಥೇನ್ ಪೂರ್ತಿ ಆಕಾಶಕ್ಕೆ. 2014ರಿಂದ ಮಲೇಷ್ಯಾದಲ್ಲಿ ಹೊಸ ಮಿಲ್ಲಿಗೆ ಗ್ಯಾಸ್ ಹಿಡಿಯುವ ವ್ಯವಸ್ಥೆ ಇರಲೇಬೇಕು.

ನಮ್ಮಲ್ಲಿ 2021ರಲ್ಲಿ ಕೇಂದ್ರ ಸರ್ಕಾರ ತಾಳೆ ಬೆಳೆಗೆಂದು 11,040 ಕೋಟಿಯ ಯೋಜನೆ ತಂದಿದೆ. ಕೊಯ್ದ ಗೊನೆಯನ್ನು ಒಂದೆರಡು ದಿನದೊಳಗೆ ಅರೆಯದಿದ್ದರೆ ಎಣ್ಣೆ ಕೆಡುತ್ತದೆ, ನಿಮಗೆ ಗೊತ್ತಿರುವುದೇ ಅಲ್ವಾ? ಹಾಗಾಗಿ ತೋಟ ಹೆಚ್ಚಿದ ಕಡೆ ಮಿಲ್ಲೂ ಹತ್ತಿರ ಬರುತ್ತದೆ. ನೀವು ಹಣ್ಣು ಹಾಕುವ ಮಿಲ್ಲಿಗೆ ಮುಂದಿನ ಸಲ ಹೋದಾಗ, ಹೊಂಡದ ಹೂಳು ಯಾವಾಗ ತೆಗೆದಿದ್ದು ಅಂತ ಕೇಳಿ. ಉತ್ತರ ಸಿಕ್ಕರೆ ನಮಗೂ ಬರೆಯಿರಿ, ಅಚ್ಚು ಹಾಕುತ್ತೇವೆ.

– ಸಂ.