ಮೀಥೈಲ್ ಅಂಟಿದ ಡಿಎನ್ಎಯನ್ನು ರೆಸ್ಟ್ರಿಕ್ಷನ್ ಎಂಜೈಮ್ ಯಾಕೆ ಕತ್ತರಿಸುವುದಿಲ್ಲ?

ಕತ್ತರಿಸಬೇಕಾದ ಜಾಗದ ಗುರುತು ಸಿಗುವುದಿಲ್ಲ, ಅದಕ್ಕೇ. ರೆಸ್ಟ್ರಿಕ್ಷನ್ ಎಂಜೈಮ್ ಅಂದರೆ ಡಿಎನ್ಎಯಲ್ಲಿ ತನಗೆ ಗೊತ್ತಿರುವ ಅಕ್ಷರಗಳ (ಎ, ಟಿ, ಜಿ, ಸಿ) ಸಾಲನ್ನು ಹುಡುಕಿ ಕತ್ತರಿಸುವ, ಬ್ಯಾಕ್ಟೀರಿಯಾದ ಕತ್ತರಿ. ಅಕ್ಷರಗಳ ಸಾಲೇನೋ ಅದೇ ಇರುತ್ತದೆ. ಆದರೆ ಎಂಜೈಮ್ ಅದನ್ನು ಓದುವುದು ಮುಟ್ಟಿ ನೋಡಿ. ಕತ್ತಲಲ್ಲಿ ಕಬ್ಬಿನ ಗೆಣ್ಣನ್ನು ಬೆರಳಾಡಿಸಿ ಹುಡುಕಿದ ಹಾಗೆ (ಮಂಡ್ಯದವನು, ಬೇರೆ ಹೋಲಿಕೆ ಹೊಳೆಯಲಿಲ್ಲ). ಡಿಎನ್ಎ ಸುರುಳಿಯ ತೋಡಿನೊಳಗೆ ಅದು ಬೆರಳಿಡುವ ಜಾಗದಲ್ಲೇ ಮೀಥೈಲ್, ಅಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್ನಿನ ಪುಟ್ಟ ಗಂಟು, ಕೂತಿದ್ದರೆ ಹಿಡಿತ ಸಿಗುವುದಿಲ್ಲ. ಬ್ಯಾಕ್ಟೀರಿಯಾ ತನ್ನ ಡಿಎನ್ಎಯನ್ನು ತನ್ನದೇ ಕತ್ತರಿಯಿಂದ ಕಾಪಾಡಿಕೊಳ್ಳುವುದೂ ಹೀಗೇ.

ಮೈಸೂರಿನಲ್ಲಿ ಎಂಎಸ್ಸಿ ಮಾಡುವಾಗ ನಾನೂ ಇದರಲ್ಲಿ ಸಿಕ್ಕಿಬಿದ್ದಿದ್ದೆ. ಬಿಸಿಎಲ್-1 ಅನ್ನೋ ರೆಸ್ಟ್ರಿಕ್ಷನ್ ಎಂಜೈಮ್ ಹಾಕಿ 50 ಡಿಗ್ರಿಯಲ್ಲಿ ಇಟ್ಟರೂ, ಡಿಎನ್ಎ ತುಂಡುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಪುಟ್ಟ ಡಿಎನ್ಎ ಉಂಗುರ) ತುಂಡಾಗದೇ ಹಾಗೇ ಕೂತಿತ್ತು. ಸುಮ್ನೆ ಎಂಜೈಮನ್ನು ಬೈದೆ. ಅದು ಹುಡುಕುವುದು ಟಿಜಿಎಟಿಸಿಎ ಸಾಲನ್ನು, ಅದರ ನಡುವೆ ಜಿಎಟಿಸಿ ಇದೆ. ಪ್ಲಾಸ್ಮಿಡ್ ಬೆಳೆಸುವ ಮಾಮೂಲಿ ಇ. ಕೋಲಿ ಬ್ಯಾಕ್ಟೀರಿಯಾ ತಳಿಗಳು ಜಿಎಟಿಸಿ ಕಂಡಲ್ಲೆಲ್ಲ 'ಎ'ಗೆ ಮೀಥೈಲ್ ಅಂಟಿಸುತ್ತವೆ! ಆ ಗುಣ ಇಲ್ಲದ 'ಡ್ಯಾಮ್ ಮೈನಸ್' ತಳಿಯಲ್ಲಿ ಪ್ಲಾಸ್ಮಿಡ್ ಬೆಳೆಸಿದ ಮೇಲೆ ಸಲೀಸಾಗಿ ಕತ್ತರಿಸಿತು.

ಎಲ್ಲ ಎಂಜೈಮೂ ಹೀಗಲ್ಲ. ಸಾವ್-3ಎ-1ಗೆ ಈ ಮೀಥೈಲ್ ಲೆಕ್ಕಕ್ಕೇ ಇಲ್ಲ. ಡಿಪಿಎನ್-1 ಅಂತೂ ಪೂರ್ತಿ ಉಲ್ಟಾ, ಮೀಥೈಲ್ ಇದ್ದರೇ ಅದು ಕತ್ತರಿಸುವುದು.