15 ಒಂದುಗಳನ್ನು ಸಾಲಾಗಿ ಬರೆದರೆ ಬರುವ ಸಂಖ್ಯೆ ಅವಿಭಾಜ್ಯವೇ? ಕ್ಯಾಲ್ಕುಲೇಟರ್ ಇಲ್ಲದೆ ಹೇಗೆ ಹೇಳೋದು?

ಅಲ್ಲ. 111111111111111 ಅವಿಭಾಜ್ಯವಲ್ಲ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಸಂಖ್ಯೆಗಳಿಂದಲೂ ಇದು ಶೇಷವಿಲ್ಲದೆ ಭಾಗವಾಗುತ್ತದೆ. ಹೇಳೋಕೆ ಭಾಗಾಕಾರವೇ ಬೇಡ, ಎಷ್ಟು ಒಂದುಗಳಿವೆ ಅಂತ ಎಣಿಸಿದರೆ ಸಾಕು.

ಉಡುಪಿ ಕಡೆ ಮಲ್ಲಿಗೆ ಹೂವಿಗೆ ಒಂದು ಲೆಕ್ಕವಿದೆ: 4 ಚೆಂಡು (ಕಟ್ಟಿದ ಹೂವಿನ ಗುಂಪು) ಸೇರಿದರೆ 1 ಅಟ್ಟೆ. ಇಲ್ಲೂ ಹಾಗೆಯೇ ಸಮನಾದ ಚೆಂಡು ಕಟ್ಟಿ. 15 ಅಂದರೆ 3ರ 5 ಗುಂಪು: 111 111 111 111 111. ಪ್ರತಿ ಗುಂಪೂ 111, ಜಾಗ ಮಾತ್ರ ಬೇರೆ. ಹಾಗಾಗಿ ಇಡೀ ಸಂಖ್ಯೆ 111 × 1001001001001. ಐದೈದರ ಗುಂಪು ಮಾಡಿದರೆ 11111 × 10000100001.

ಈಗ 111 = 3 × 37, 11111 = 41 × 271. ಸುಮ್ನೆ ಎಣಿಸಿಯೇ ನಾಲ್ಕು ಅವಿಭಾಜ್ಯ ಅಪವರ್ತನಗಳು ಸಿಕ್ಕಿದವು! ಉಳಿದವು 31 ಮತ್ತು 2906161. ಇವನ್ನು ಹುಡುಕೋಕೆ ಮಾತ್ರ ಸ್ವಲ್ಪ ಬೆವರು ಹರಿಸಬೇಕು.

ಆದರೆ ಇದನ್ನು ತಿರುಗಿಸಿ ಹೇಳುವಂತಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಒಂದುಗಳ ಎಣಿಕೆ ಅವಿಭಾಜ್ಯವಾದರೆ ಗುಂಪು ಮಾಡೋಕೆ ಆಗಲ್ಲ, ನಿಜ. ಹಾಗಂತ ಸಂಖ್ಯೆಯೂ ಅವಿಭಾಜ್ಯ ಆಗಲೇಬೇಕು ಅಂತೇನಿಲ್ಲ. 19 ಒಂದುಗಳದ್ದು ಅವಿಭಾಜ್ಯವೇ, 23ರದ್ದೂ ಹೌದು. ಆದರೆ 17ರದ್ದು 2071723 × 5363222357 ಅಂತ ಒಡೆದುಹೋಗುತ್ತದೆ, ಅದನ್ನು ಬರೀ ಕಣ್ಣಲ್ಲಿ ನೋಡಿ ಯಾರೂ ಹೇಳಲಾರರು ಬಿಡಿ.