ಲೆಕ್ಕದ ನೋಟ್‌ಬುಕ್ಕೂ ಆತ್ಮಿಕ ವರಾನೂ

ನನ್ನ ಹತ್ರ ಸಲಹೆಗೆ ಬಂದ ಒಬ್ಬ ತಂಗಿಯ ವಿಷ್ಯ, ಅವಳನ್ನ ಕೇಳ್ಕೊಂಡೇ ಬರೀತಿದೀನಿ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯ್ಸಿದೀನಿ. ವಯಸ್ಸು ಮೂವತ್ತೆಂಟರ ಹತ್ರ, ಗಂಡ ಸೋಮವಾರಪೇಟೆ ಕಡೆ ಒಂದು ಕಾಫಿ ಎಸ್ಟೇಟ್‌ನಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋರು, ಇಬ್ರು ಮಕ್ಕಳು. ಬಂದು ಕೂತವಳು ಮೊದ್ಲು ಹೇಳಿದ ಮಾತೇ ಇದು, "ಆಂಟಿ, ದೇವ್ರು ಎಲ್ಲರಿಗೂ ವರ ಕೊಡ್ತಾನೆ ಅಂತಾರೆ, ನಂಗೆ ಮಾತ್ರ ಏನೂ ಕೊಟ್ಟಿಲ್ಲ."

ಆಗಿದ್ದು ಏನಂದ್ರೆ ಅವಳ ಸಭೆಯಲ್ಲಿ, ಅಂದ್ರೆ ಚರ್ಚಿನಲ್ಲಿ, ಒಂದು ರಿಟ್ರೀಟ್ ಇತ್ತು, ಅಲ್ಲಿ ಆತ್ಮಿಕ ವರ (ಸೇವೆಗೆ ಅಂತ ಪವಿತ್ರಾತ್ಮ ಕೊಡೋ ಸಾಮರ್ಥ್ಯ) ಕಂಡುಕೊಳ್ಳೋಕೆ ಅಂತ ಪ್ರಶ್ನೆಗಳ ಫಾರ್ಮ್ ತುಂಬಿಸಿದ್ರು, ಇವಳಿಗೆ ಬೋಧನೆ ವರಕ್ಕೆ ಜಾಸ್ತಿ ಮಾರ್ಕ್ಸ್ ಬಂತು, ಮುಂದಿನ ಭಾನುವಾರನೇ ಸಂಡೇಸ್ಕೂಲ್ ಕ್ಲಾಸ್ ಕೊಟ್ಬಿಟ್ರು. ಎರಡು ವರ್ಷ ಆಯ್ತು, ಶನಿವಾರ ರಾತ್ರಿ ಆದ್ರೆ ಹೊಟ್ಟೆ ತೊಳ್ಸುತ್ತೆ, ಪಾಠ ಬಾಯಿಪಾಠ ಮಾಡ್ಕೊಂಡು ಹೋದ್ರೂ ಮಕ್ಕಳ ಮುಂದೆ ನಿಂತ ಕೂಡ್ಲೇ ಎಲ್ಲಾ ಮರ್ತೋಗುತ್ತೆ. ಇದ್ರ ಮೇಲೆ ಮನೆ ಪ್ರಾರ್ಥನಾ ಕೂಟದಲ್ಲಿ ಒಬ್ಬ ಸಿಸ್ಟರ್, ನಿಂಗೆ ಇನ್ನೂ ಅನ್ಯಭಾಷೆ (ಆತ್ಮದ ಪ್ರೇರಣೆಯಿಂದ ಕಲಿಯದ ಭಾಷೆಯಲ್ಲಿ ಪ್ರಾರ್ಥಿಸೋದು) ಬಂದಿಲ್ಲ, ಅಭಿಷೇಕ, ಅಂದ್ರೆ ಪವಿತ್ರಾತ್ಮ ಇಳಿದು ಬರೋದು, ಆಗಿಲ್ಲ ಅನ್ಸುತ್ತೆ ಅಂದ್ಬಿಟ್ರಂತೆ. ಅವತ್ತಿಂದ ಪ್ರಾರ್ಥನೆಗೆ ಮೊಣಕಾಲೂರೋಕೂ ಹೆದರಿಕೆ.

ನಾನು ವರದ ಮಾತೇ ಎತ್ಲಿಲ್ಲ ಮೊದ್ಲು. ನಿದ್ದೆ ಊಟ ಹೇಗಿದೆ ಕೇಳ್ದೆ, ಬೇರೆ ದಿನ ಎಲ್ಲಾ ಸರಿ ಇದೆ, ಶನಿವಾರ ಮಾತ್ರ ಹೀಗೆ ಅಂದ್ಲು. ಹೀಗೇ ಮುಂದುವರಿದ್ರೆ ಡಾಕ್ಟರಿಗೆ ತೋರಿಸ್ಲೇಬೇಕು ಅಂತ ಮಾತು ತಗೊಂಡೆ. ಆಮೇಲೆ, ಚರ್ಚಿನ ವಿಷ್ಯ ಬಿಟ್ಟು, ಯಾರಿಗಾದ್ರೂ ನಿನ್ನಿಂದ ಉಪಯೋಗ ಆಗಿದ್ದು ಏನಾದ್ರೂ ಹೇಳಮ್ಮ ಅಂದೆ.

ಸುಮಾರು ಹೊತ್ತು ಸುಮ್ನಿದ್ಲು. ಆಮೇಲೆ 2018ರ ಆಗಸ್ಟ್ ವಿಷ್ಯ ತೆಗೆದ್ಲು, ಗುಡ್ಡ ಜರಿದು ಊರೂರೇ ಖಾಲಿ ಮಾಡ್ಸಿದ ಆ ಮಳೆ. ಇವಳೂ ಪರಿಹಾರ ಕೇಂದ್ರದಲ್ಲಿ ಸಹಾಯಕ್ಕೆ ಹೋಗಿದ್ಲಂತೆ. ಲಾರಿಗಟ್ಲೆ ಸಾಮಾನು ಬಂದು ಬೀಳ್ತಿತ್ತು, ಒಬ್ರಿಗೆ ಮೂರು ಕಂಬಳಿ ಇನ್ನೊಬ್ರಿಗೆ ಒಂದೂ ಇಲ್ಲ, ಜಗಳ. ಇವಳು ಒಂದು ನೋಟ್‌ಬುಕ್ ಹಿಡ್ಕೊಂಡು ಕೂತ್ಲು, ಯಾವ ಮನೆಯವ್ರು ಎಷ್ಟು ಜನ, ಯಾರ ಕೂಸಿಗೆ ಹಾಲಿನ ಪುಡಿ, ಯಾವ ಅಜ್ಜಿಗೆ ಬಿಪಿ ಮಾತ್ರೆ ಮುಗೀತು, ಎಲ್ಲಾ ಬರ್ಕೊಂಡು ಹಂಚೋಕೆ ಶುರು ಮಾಡಿದ್ಲು. ಎರಡು ದಿನದಲ್ಲಿ ಜಗಳ ನಿಂತೋಯ್ತು. ಇದನ್ನ ಹೇಳೋವಾಗ ಅವಳ ಧ್ವನಿನೇ ಬೇರೆ ಆಗಿತ್ತು, ಹೊಟ್ಟೆ ತೊಳ್ಸೋ ಹೆಂಗಸು ಇವಳೇನಾ ಅನ್ನಿಸ್ತು ನಂಗೆ.

"ಇದು ವರ ಅಲ್ವೇನಮ್ಮ?" ಅಂದೆ.

"ಅಯ್ಯೋ ಆಂಟಿ, ಅದು ಮನೆಯವ್ರ ಚೆಕ್‌ರೋಲ್, ಆಳುಗಳ ಹಾಜರಿ ಕೂಲಿ ಬರೆಯೋ ಬುಕ್, ನೋಡಿ ನೋಡಿ ಬಂದ ಅಭ್ಯಾಸ ಅಷ್ಟೇ."

ಇಲ್ಲೇ ನಮ್ಮ ಸಭೆಗಳಲ್ಲಿ ತುಂಬಾ ಜನ ಎಡವೋದು. ವರ ಅಂದ್ರೆ ಆಕಾಶದಿಂದ ಧಪ್ ಅಂತ ಬೀಳ್ಬೇಕು, ಕಲ್ತಿದ್ದು ವರ ಅಲ್ಲ ಅಂತ ತಿಳ್ಕೊಂಡಿರ್ತಾರೆ. ಬೈಬಲ್‌ನ ವಿಮೋಚನಕಾಂಡ 31ರಲ್ಲಿ ಬೆಚಲೇಲ ಅನ್ನೋ ಕುಶಲಕರ್ಮಿಗೆ ಚಿನ್ನ ಬೆಳ್ಳಿ ಮರದ ಕೆಲಸಕ್ಕೇ ದೇವರಾತ್ಮ ತುಂಬಿದ್ದು. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗ್ಸಿ ಅವಳ ಕೈಲೇ ಓದಿಸ್ದೆ, ಅಲ್ಲಿ ಜಗಳ ಏನಕ್ಕೆ? ದಿನಾ ಹಂಚೋದ್ರಲ್ಲಿ ಕೆಲವು ವಿಧವೆಯರನ್ನ ಬಿಟ್ಬಿಟ್ರು ಅಂತ. ಅದನ್ನ ಸರಿ ಮಾಡೋಕೆ ಆರಿಸಿದ ಏಳು ಜನ ಆತ್ಮಭರಿತರಾಗಿರ್ಬೇಕು ಅಂದ್ರು ಅಪೊಸ್ತಲರು. ಓದ್ತಾ ಓದ್ತಾ ಅತ್ತೇಬಿಟ್ಲು.

1 ಕೊರಿಂಥ 12:28ರಲ್ಲಿ ಪೌಲ ಹೇಳೋ ಪಟ್ಟಿಯಲ್ಲಿ ನಿರ್ವಹಣೆ ಅನ್ನೋದೂ ಇದೆ, ಗ್ರೀಕ್‌ನಲ್ಲಿ ಆ ಪದ ಹಡಗಿನ ಚುಕ್ಕಾಣಿ ಹಿಡಿಯೋದಕ್ಕೆ ಬಳಸೋದು. ಅನ್ಯಭಾಷೆ ಅದರ ನಂತರ ಬರುತ್ತೆ, 30ನೇ ವಚನದಲ್ಲಿ ಎಲ್ಲರೂ ಅನ್ಯಭಾಷೆ ಆಡ್ತಾರಾ ಅಂತ ಪೌಲನೇ ಕೇಳ್ತಾನೆ, ಇಲ್ಲ ಅನ್ನೋದೇ ಅಲ್ಲಿ ಉತ್ತರ. ಹಂಗಂತ ಆ ಸಿಸ್ಟರ್ ಜೊತೆ ವಾದಕ್ಕೆ ಇಳೀಬೇಡ ಅಂತ ಗಟ್ಟಿಯಾಗೇ ಹೇಳ್ದೆ, 12ಕ್ಕೂ 14ಕ್ಕೂ ನಡುವೆ ಪ್ರೀತಿಯ ಬಗ್ಗೆ ಹೇಳೋ 13ನೇ ಅಧ್ಯಾಯ ಇರೋದನ್ನ ಮರೀಬೇಡ.

ಫಾರ್ಮ್ ವಿಷ್ಯಕ್ಕೆ ಬರ್ತೀನಿ, ನಂಗೆ ಅದ್ರ ಮೇಲೆ ಸಿಟ್ಟಿಲ್ಲ, ಆದ್ರೆ ಅದು ತೋರ್ಸೋದು ಹೆಚ್ಚಾಗಿ ನಮ್ಮ ಇಷ್ಟಾನ. ಬೈಬಲ್ ಓದೋಕೆ ಆಸೆ ಇದ್ಯಾ ಅಂದ್ರೆ ಇವಳು ಫುಲ್ ಮಾರ್ಕ್ಸ್ ಹಾಕಿದಾಳೆ, ಓದೋ ಆಸೆ ಬೇರೆ ಕಲಿಸೋ ವರ ಬೇರೆ. ವರ ಗೊತ್ತಾಗೋದು ಕೆಲ್ಸ ಮಾಡಿ ನೋಡಿದಾಗ, ಅದ್ರಿಂದ ಇನ್ನೊಬ್ರು ಕಟ್ಟಲ್ಪಟ್ರಾ, ಅಂದ್ರೆ ನಂಬಿಕೆಯಲ್ಲಿ ಬೆಳೆದ್ರಾ, ಅಂತ ಅವ್ರನ್ನೇ ಕೇಳಿದಾಗ.

ಅವಳಿಗೆ ಕೊಟ್ಟ ಸಲಹೆ ಇಷ್ಟು. ಕ್ಲಾಸ್‌ನ ಏಕಾಏಕಿ ಬಿಡ್ಬೇಡ, ಮಕ್ಕಳಿಗೆ ಅನ್ಯಾಯ ಆಗುತ್ತೆ, ಅಯ್ಯನವರ (ಸಭೆಯ ಪಾಸ್ಟರ್) ಹತ್ರ ನೇರ ಹೇಳಿ ಜೊತೆಗೆ ಇನ್ನೊಬ್ರನ್ನ ಕೇಳು. ಮೂರು ತಿಂಗಳು ಸಭೆಯಲ್ಲಿ ಯಾವ್ದಾದ್ರೂ ಒಂದು ವ್ಯವಸ್ಥೆ ಕೆಲ್ಸ ವಹಿಸ್ಕೊ. ಆಮೇಲೆ ಅದ್ರಿಂದ ಉಪಯೋಗ ಆಯ್ತಾ ಅಂತ ಮೂರು ಜನನ್ನ ಕೇಳು, ಅದ್ರಲ್ಲಿ ಒಬ್ರು ನಿನ್ನ ಮುಖಸ್ತುತಿ ಮಾಡದವ್ರಾಗಿರ್ಲಿ. ಮತ್ತೆ, ವರ ಸಿಕ್ತು ಅಂತ ಬೇರೆ ಕರ್ತವ್ಯ ತಪ್ಪಿಸ್ಕೊಳ್ಳೋ ಹಾಗಿಲ್ಲ, ರೋಗಿ ನೋಡೋಕೆ ಹೋಗೋದಕ್ಕೆ ಕರುಣೆಯ ವರ ಇದೆಯಾ ಅಂತ ಕೇಳ್ಕೊಂಡು ಕೂರೋಕಾಗಲ್ಲ.

ಸುಗ್ಗಿ ಹಬ್ಬಕ್ಕೆ ಸಭೆಗೆ ತಂದ ಕಾಣಿಕೆಗಳ ಹರಾಜಿನ ಲೆಕ್ಕ ನೋಡ್ಕೊಳ್ಳೋ ಕೆಲ್ಸ ಕೇಳಿದ್ಲು. ಹೆಂಗಸರಿಗ್ಯಾಕೆ ಲೆಕ್ಕ ಅಂತ ಕಮಿಟಿಯಲ್ಲಿ ಒಬ್ರು ತಗಾದೆ ತೆಗೆದ್ರು, ಅದು ಇನ್ನೂ ಮುಗ್ದಿಲ್ಲ, ನಂಗೆ ಬೇಜಾರಿದೆ. ಅಯ್ಯನವರು ಮಾತ್ರ ಸದ್ಯಕ್ಕೆ ಸಂಡೇಸ್ಕೂಲ್ ರಿಜಿಸ್ಟರ್ ಅವಳ ಕೈಗೆ ಕೊಟ್ರು, ಪಾಠಕ್ಕೆ ಒಬ್ಬ ಕಾಲೇಜ್ ಹುಡುಗಿ ಬಂದ್ಲು.

ಜನವರಿಯಲ್ಲಿ ಫೋನ್ ಮಾಡಿದ್ಲು. ರಿಜಿಸ್ಟರ್ ನೋಡ್ತಾ ಇದ್ದಾಗ ಒಂದು ಗೊತ್ತಾಯ್ತಂತೆ, ಲೈನ್ ಮನೆಯ, ಅಂದ್ರೆ ಎಸ್ಟೇಟ್ ಕಾರ್ಮಿಕರ ಸಾಲುಮನೆಯ, ಏಳು ಮಕ್ಕಳು ಡಿಸೆಂಬರ್‌ನಿಂದ ಬರ್ತಾನೇ ಇಲ್ಲ, ಅಪ್ಪ ಅಮ್ಮ ಭಾನುವಾರನೂ ಕಾಫಿ ಕುಯ್ಯೋಕೆ ಹೋದ್ರೆ ಚಿಕ್ಕವ್ರನ್ನ ನೋಡ್ಕೊಳ್ಳೋದು ಇವ್ರೇ. "ಅದಕ್ಕೆ ಆಂಟಿ, ಕುಯ್ಲು ಮುಗಿಯೋವರ್ಗೂ ಆ ಹುಡುಗಿನ ಕರ್ಕೊಂಡು ನಾವೇ ಸಂಜೆ ಲೈನಿಗೆ ಹೋಗ್ತಿದೀವಿ, ಮೊನ್ನೆ ಏಳೂ ಜನ ಬಂದಿದ್ರು, ಕೈಕೂಸುಗಳೂ ಸೇರಿ ಹನ್ನೊಂದು."